ಕೆಂಪಿಯ ಕೊಟ್ಟಿಗೆಯಲ್ಲಿ ಬೈರಪ್ಪನ ಕುದುರೆ

"ಕುದ್ರೆ ಅಂದ್ರೆ ಏನಂದ್ಕೊಂಡ್ಬುಟ್ಟೆ ಬೋರಣ್ಣ? ಎತ್ತು ಅಂದ್ಕೊಂಡ್ಯಾ? ಎತ್ತು ಬುಡು, ಅದು ನಿನ್ನಂಗೆ ನನ್ನಂಗೆ. ಕೆಸರಲ್ಲಿ ನಿಲ್ಸು, ನಿಂತ್ಕತದೆ. ಒಣಹುಲ್ಲು ಹಾಕು, ತಿಂತದೆ. ಕುದ್ರೆ ಹಂಗಲ್ಲ ಕಣಪ್ಪಾ, ಅದು ದೊಡ್ಮನುಷ್ರ ಪ್ರಾಣಿ. ಕಾಲಕಾಲಕ್ಕೆ ಅದಕ್ಕೊಂದೊಂದು ಉಪಚಾರ ಆಗ್ಬೇಕು. ಬ್ಯಾಸ್ಗೇಲಿ ಬಿಸ್ಲಿಂದ ಬಂದೇಟ್ಗೇ ನೀರು ತೋರ್ಸಂಗಿಲ್ಲ. ಮೈ ಆರ್ಬೇಕು, ಬೆವ್ರು ಒಣಗ್ಬೇಕು, ಆಮೇಲೆ ಬಕೀಟು. ಮಳೆಗಾಲ ಬಂತೋ, ಎಲ್ಲಾ ಗೊರ್ಸಲ್ಲೇ ಐತೆ. ದಿನಾ ನಾಕು ಕಾಲೂ ಎತ್ತಿ, ಒಳಗಿರೋ ಮಣ್ಣು ಕೆರೆದು, ಬೇವಿನೆಣ್ಣೆ ಹಚ್ಬೇಕು. ಹಚ್ಲಿಲ್ವಾ, ಕೊಳೆತು ನಾರ್ತದೆ, ಕುದ್ರೆ ಕುಂಟ್ತದೆ, ಮುಗೀತು. ಚಳಿಗೆ ಬೆನ್ಮೇಲೆ ಕಂಬ್ಳಿ, ಬೇಯ್ಸಿದ ಹುಳ್ಳಿ, ಅದ್ರಲ್ಲೊಂದು ಚೂರು ಬೆಲ್ಲ. ಇನ್ನು ಸಾಮಾನು! ಜೀನು, ಲಗಾಮು, ಕಾಲಿಡಕ್ಕೆ ರಿಕಾಪು, ನೊಣಕ್ಕೆ ಕಣ್ಮೇಲೆ ಜಾಲ್ರಿ. ಸವಾರನಿಗೆ ಬೂಟು, ಟೋಪಿ. ರೋಡಲ್ಲಿ ಹೋದ್ರೆ 'ಯಾರಪ್ಪಾ ಇದು ಸವಾರಿ' ಅಂತ ಜನ ಪಕ್ಕಕ್ಕೆ ಸರೀಬೇಕು. ಕೆಲ್ಸ ಬುಡು, ಕೆಲ್ಸ ಯಾರ್ ಬೇಕಾದ್ರೂ ಮಾಡ್ತಾರೆ. ನಮ್ಮನೇವ್ಳೇ ಮಾಡ್ತಾಳೆ. ತಿಳುವಳ್ಕೆ ಇರ್ಬೇಕು ನೋಡು. ಅದು ಎಲ್ರಿಗೂ ಬರಕಿಲ್ಲ."

ಸಾರಕ್ಕಿಯ ಅರಳೀಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಚಿಕ್ಕಬೈರಪ್ಪ ಹೀಗೆ ಹೇಳುತ್ತಿದ್ದರೆ, ಆ ಮನೆಯವಳು ನಾರಾಯಣಮ್ಮ ಕೆರೆಯ ಕಡೆಯಿಂದ ಹುಲ್ಲಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದಳು. ಹೊರೆ ಮುಖ ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ. ಗಂಡನ ಮಾತಿನಲ್ಲಿ ಸತ್ಯವಾದದ್ದು ಒಂದೇ ಎಂದುಕೊಂಡಳು: ಕೆಲಸ ಅವಳೇ ಮಾಡುತ್ತಿದ್ದಳು. ತಿಳಿವಳಿಕೆಯೂ ಅವನದಲ್ಲ. ಗೊರಸಿನದು, ಹುರುಳಿಯದು, ನೀರಿನದು ಎಲ್ಲವನ್ನೂ ಜಟಕಾ ಹೊಡೆಯುವ ಬುಡನ್ ಸಾಬಿ ಅವಳಿಗೆ ಹೇಳಿಕೊಟ್ಟದ್ದು. ಅವನು ಹೇಳುವಾಗ ಬೈರಪ್ಪ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೇಳಿಸಿಕೊಂಡ. ಕೇಳಿಸಿಕೊಂಡದ್ದನ್ನು ಕಟ್ಟೆಗೆ ಒಯ್ದು ತನ್ನದೆಂದು ಹಂಚಿದ.

ಬೈರಪ್ಪ ಹುಟ್ಟಾ ಹೀಗಿರಲಿಲ್ಲ ಎಂದು ಹೇಳೋಣವೆಂದರೆ ಅದೂ ಸುಳ್ಳೇ ಆಗುತ್ತದೆ. ಚಿಕ್ಕಂದಿನಿಂದಲೂ ಮಾಡುವುದಕ್ಕಿಂತ ಮಾಡಿದ ಹಾಗೆ ಕಾಣುವುದರಲ್ಲೇ ಅವನಿಗೆ ಆಸೆ. ಹೊಲದಲ್ಲಿ ರಸ್ತೆಯ ಪಕ್ಕದ ಸಾಲನ್ನು ಮಾತ್ರ ಚೆನ್ನಾಗಿ ಕಳೆ ಕೀಳುತ್ತಿದ್ದ. ಒಳಗಿನ ಸಾಲಿನಲ್ಲಿ ರಾಗಿ ಯಾವುದು ಕಳೆ ಯಾವುದು ಎಂದು ಹುಡುಕಬೇಕಾಗಿತ್ತು. ಮದುವೆಯಾದ ಹೊಸದರಲ್ಲಿ ನಾರಾಯಣಮ್ಮನಿಗೆ ಇದು ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಒಳಗಿನ ಸಾಲೆಲ್ಲ ಅವಳ ಪಾಲಿಗೆ ಬಂದಿತ್ತು.

ಜಯನಗರದ ಬಡಾವಣೆ ಹರಡುತ್ತಾ ಬಂದು ಅವರ ಮೇಲಿನ ಹೊಲವನ್ನು ನುಂಗಿತು. ಮೊದಲು ಕಲ್ಲು ನೆಟ್ಟರು, ಆಮೇಲೆ ರಸ್ತೆ ಬಿಟ್ಟರು, ಆಮೇಲೆ ತಾರಸಿ ಮನೆಗಳು ಎದ್ದವು. ಒಂದು ದಿನ ಬೈರಪ್ಪ ಎತ್ತಿನ ಗಾಡಿಯಲ್ಲಿ ಗೊಬ್ಬರ ಹೇರಿಕೊಂಡು ಆ ರಸ್ತೆಯಲ್ಲಿ ಬರುತ್ತಿದ್ದಾಗ ಸೈಕಲ್ಲಿನಲ್ಲಿ ಬಂದವನೊಬ್ಬ, "ಏಯ್, ಗಾಡಿ ಪಕ್ಕಕ್ಕೆ ಎಳ್ಕೊಳಯ್ಯಾ, ರೋಡೇನು ನಿಮ್ಮಪ್ಪಂದಾ?" ಎಂದ. ಎರಡು ವರ್ಷದ ಹಿಂದೆ ಅದು ನಿಜಕ್ಕೂ ಬೈರಪ್ಪನ ಅಪ್ಪನದೇ ಆಗಿತ್ತು. ಬೈರಪ್ಪ ಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡ. ಮನೆಗೆ ಬಂದು ಊಟ ಬಿಟ್ಟು ಗೋಡೆ ನೋಡುತ್ತಾ ಮಲಗಿದ. ಆ ಒಂದು ದಿನ ನಾರಾಯಣಮ್ಮನಿಗೆ ಅವನ ಮೇಲೆ ಕನಿಕರ ಬಂದಿತ್ತು. ಆ ಕನಿಕರವನ್ನು ಉಳಿಸಿಕೊಳ್ಳುವ ಯೋಗ್ಯತೆಯೂ ಅವನಿಗೆ ಇರಲಿಲ್ಲ. ಹೊಲದ ದುಡ್ಡು ಕೈಗೆ ಬಂದದ್ದೇ, ಎತ್ತಿನ ಜೋಡಿಯನ್ನೂ ಗಾಡಿಯನ್ನೂ ಮಾರಿ, ಯಾರನ್ನೂ ಕೇಳದೆ, ಒಂದು ಕಂದು ಬಣ್ಣದ ಕುದುರೆಯನ್ನು ಹಿಡಿದುಕೊಂಡು ಬಂದ.

"ರೇಸು ಕುದ್ರೆ. ಸುಲ್ತಾನ ಅಂತ ಹೆಸ್ರು. ಮಿಲಿಟ್ರಿ ಸಾಹೇಬ್ರು ಇಟ್ಕೊಂಡಿದ್ರಂತೆ," ಎಂದ.

ನಾರಾಯಣಮ್ಮ ಕುದುರೆಯನ್ನು ನೋಡಿದಳು. ಮಂಡಿಯ ಮೇಲೆ ಹಳೆಯ ಗಾಯದ ಬಿಳಿ ಕಲೆ. ಬೆನ್ನಿನ ಎರಡು ಕಡೆ ಗಾಡಿಯ ಮೂಕಿಮರ ಉಜ್ಜಿ ಕೂದಲು ಹೋದ ಪಟ್ಟೆ. "ಎಲ್ಲಿ ಕಟ್ತೀರಾ?" ಎಂದು ಮಾತ್ರ ಕೇಳಿದಳು.

"ಕೊಟ್ಗೇಲಿ. ಇನ್ನೆಲ್ಲಿ ಕಟ್ತಾರೆ?"

"ಕೊಟ್ಗೇಲಿ ಕೆಂಪಿ ಇದ್ದಾಳಲ್ಲಾ."

"ಹಸೂನ ಹುಣಸೆ ಮರದ ಕೆಳ್ಗೆ ಕಟ್ಟು. ಹಸಾ ತಾನೆ, ಎಲ್ಲಿದ್ರೂ ಹಾಲು ಕೊಡ್ತದೆ."

ಕೆಂಪಿ ಎಂದರೆ ನಾರಾಯಣಮ್ಮನ ಹಸು. ತವರಿನಿಂದ ಬಂದ ತಳಿಯದು. ಹೊಲ ಹೋದಮೇಲೆ ಆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ಹಸುವಿನ ಹಾಲಿನಿಂದ. ಜಯನಗರದ ಹೊಸ ಮನೆಗಳಿಗೆ ನಾರಾಯಣಮ್ಮ ದಿನಾ ಹಾಲು ಹೊತ್ತು ಹಾಕುತ್ತಿದ್ದಳು. ಇದ್ದ ಒಂದೇ ಕೊಟ್ಟಿಗೆ, ಅದೂ ಅವಳೇ ಮಣ್ಣು ಮೆತ್ತಿ ಎಬ್ಬಿಸಿದ್ದು. ಕುದುರೆ ಒಳಗೆ ಹೋಯಿತು, ಹಸು ಹೊರಗೆ ಬಂತು. ಆಗಲೇ ಕೆಂಪಿಗೆ ಗಬ್ಬ ನಿಂತಿತ್ತು. ಸಂಕ್ರಾಂತಿಯ ಹಿಂದುಮುಂದಿಗೆ, ಒಳ್ಳೆ ಚಳಿಯಲ್ಲಿ ಈಯಬೇಕು. ಅಷ್ಟರೊಳಗೆ ಹಸುವನ್ನು ಮತ್ತೆ ಕೊಟ್ಟಿಗೆಗೆ ಸೇರಿಸಬೇಕು ಎಂದು ನಾರಾಯಣಮ್ಮ ಅಂದೇ ತೀರ್ಮಾನಿಸಿದಳು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಅವಳಿಗೆ ಕಾಯುವುದು ಗೊತ್ತಿತ್ತು.

ಬೈರಪ್ಪನಿಗೆ ಕಾಯುವ ಅಭ್ಯಾಸವಿರಲಿಲ್ಲ. ಆ ಬೇಸಿಗೆಯೆಲ್ಲ ಭಾನುವಾರದ ಹಳೇ ಸಾಮಾನಿನ ಗುಜರಿಗೆ ಹೋಗಿ ಹೋಗಿ ಒಂದೊಂದೇ ಸಾಮಾನು ತಂದ. ಮೊದಲು ಜೀನು, ಯಾವನೋ ದೊರೆ ಬಿಟ್ಟು ಹೋದದ್ದಂತೆ. ಆಮೇಲೆ ಮಂಡಿಯುದ್ದದ ಬೂಟು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಮುಂದೆ ಹುಲ್ಲು ತುರುಕಿ ಹಾಕಿಕೊಳ್ಳಬೇಕಾಗಿತ್ತು. ನಡೆಯುವಾಗ ಕಾಲು ಮೊದಲು ಹೋಗಿ ಬೂಟು ಆಮೇಲೆ ಬರುತ್ತಿತ್ತು. ಬಣ್ಣದ ಮಣಿ ಪೋಣಿಸಿದ ನೊಣದ ಜಾಲರಿ ಬಂತು. ಅದನ್ನು ಕುದುರೆಗೆ ಕಟ್ಟುತ್ತಿದ್ದದ್ದು ರಸ್ತೆಗೆ ಹೋಗುವಾಗ. ನೊಣ ಇದ್ದದ್ದು ಕೊಟ್ಟಿಗೆಯಲ್ಲಿ. ಕೊಟ್ಟಿಗೆಗೆ ಬಂದಮೇಲೆ ಜಾಲರಿ ಮೊಳೆಗೆ ಏರುತ್ತಿತ್ತು, ನೊಣ ಕುದುರೆಯ ಕಣ್ಣಿಗೆ ಏರುತ್ತಿತ್ತು. ನಾರಾಯಣಮ್ಮ ಹೊಂಗೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಅದರ ಹಣೆಗೆ ಒರೆಸಿ ನೊಣ ಓಡಿಸುತ್ತಿದ್ದಳು. ಕುದುರೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದೇನು ಕೊಟ್ಟಿಗೆ ಬೇಕೆಂದು ಕೇಳಿಕೊಂಡು ಬಂದಿತ್ತೇ?

ದಿನಾ ಬೆಳಿಗ್ಗೆ ಬೈರಪ್ಪ ಟೋಪಿ ಇಟ್ಟು, ತನ್ನ ಹೊಲದ ಮೇಲೆ ಹಾಕಿದ ರಸ್ತೆಗಳಲ್ಲಿ ಸವಾರಿ ಹೊರಡುತ್ತಿದ್ದ. ತೊಂದರೆ ಏನಾಯಿತೆಂದರೆ, ಸುಲ್ತಾನನಿಗೆ ಓಡುವುದಕ್ಕಿಂತ ನಿಲ್ಲುವುದು ಚೆನ್ನಾಗಿ ಗೊತ್ತಿತ್ತು. ಜಟಕಾ ಸ್ಟ್ಯಾಂಡು ಕಂಡರೆ ತಾನಾಗಿ ಹೋಗಿ ಸಾಲಿನಲ್ಲಿ ನಿಂತುಕೊಳ್ಳುತ್ತಿತ್ತು. ರಸ್ತೆಯ ಬದಿಯಲ್ಲಿ ಯಾರಾದರೂ ಗಂಟೋ ಟ್ರಂಕೋ ಹಿಡಿದು ನಿಂತಿದ್ದರಂತೂ ಅವರ ಎದುರಿಗೇ ಹೋಗಿ ನಿಲ್ಲುತ್ತಿತ್ತು. ಹತ್ತಿಕೊಳ್ಳಲಿ ಎಂದು ಕಾಯುತ್ತಿತ್ತು. ಎಷ್ಟು ಒದ್ದರೂ ಅಲುಗುತ್ತಿರಲಿಲ್ಲ. ಗಂಟಿನವರು ಅತ್ತ ಹೋದಮೇಲೇ ಅದು ಮುಂದೆ ಹೆಜ್ಜೆ ಇಡುವುದು.

ಹಾಲು ಹಾಕಲು ಹೋದಾಗ ಜಯದೇವಮ್ಮ ಎನ್ನುವ ಲಿಂಗಾಯತರ ಹೆಂಗಸು, ತುಮಕೂರಿನ ಕಡೆಯಿಂದ ಬಂದು ಮನೆ ಕಟ್ಟಿಕೊಂಡವರು, ಸೆರಗು ಬಾಯಿಗಿಟ್ಟುಕೊಂಡು ಕೇಳಿದರು. "ನಾರಾಯಣಮ್ಮ, ನಿನ್ನೆ ನಾನು ಊರಿಗೆ ಹೋಗೋಕೆ ಅಂತ ಬ್ಯಾಗು ಹಿಡ್ಕೊಂಡು ಗೇಟಲ್ಲಿ ನಿಂತಿದ್ದೆ. ಯಾರೋ ಟೋಪಿ ಹಾಕ್ಕೊಂಡೋರು ಕುದುರೆ ತಂದು ನನ್ನೆದುರಿಗೆ ನಿಲ್ಸಿ, ಹತ್ತು ಅಂತಾನೂ ಅನ್ನಲ್ಲ, ಹೋಗ್ತೀನಿ ಅಂತಾನೂ ಅನ್ನಲ್ಲ. ಯಾರಮ್ಮಾ ಅದು?"

"ಯಾರೋ ದೊಡ್ಮನುಷ್ರು ಇರ್ಬೇಕು ಬುಡ್ರಮ್ಮ," ಎಂದು ನಾರಾಯಣಮ್ಮ ಪಾವಿನಲ್ಲಿ ಹಾಲು ಅಳೆದಳು.

ಬೈರಪ್ಪನನ್ನು ಕೇಳಿದರೆ ಅದಕ್ಕೂ ಉತ್ತರ ತಯಾರಿತ್ತು. "ಶಿಸ್ತು! ಮಿಲಿಟ್ರಿ ಶಿಸ್ತು ಅದು. ಹೆಂಗಸ್ರು ಕಂಡ್ರೆ ನಿಂತು ಮರ್ಯಾದೆ ಕೊಡ್ತದೆ."

ನಿಜ ಹೇಳಿದವನು ಬುಡನ್ ಸಾಬಿ. ಅವನು ನಾರಾಯಣಮ್ಮನ ತಂದೆಯ ಕಾಲದಿಂದ ಗೊತ್ತಿದ್ದವನು, ಬನಶಂಕರಿಯ ಗುಡಿಗೆ ಹೋಗಿ ಬರುವವರನ್ನು ಹತ್ತಿಸಿಕೊಂಡು ಜಟಕಾ ಓಡಿಸುತ್ತಿದ್ದವನು. ಕುದುರೆ ನೋಡಲು ಬಂದವನೇ ಗಡ್ಡ ನೀವಿಕೊಂಡು, ಬೈರಪ್ಪ ಒಳಗೆ ಹೋಗುವವರೆಗೂ ಕಾದು, ಮೆಲ್ಲಗೆ ಹೇಳಿದ. "ಅಮ್ಮಾ, ಇದು ಸುಲ್ತಾನೂ ಅಲ್ಲ ಗಿಲ್ತಾನೂ ಅಲ್ಲ. ನಮ್ಮ ಭಾವನ ಮೋತಿ. ಮಾರ್ಕೆಟ್ ಸ್ಟ್ಯಾಂಡಲ್ಲಿ ಎಂಟ್ಹತ್ತು ವರ್ಷ ಜಟಕಾ ಎಳ್ದೈತೆ. ಯಾರೋ ತಲೆಗೆ ಕಟ್ಟವ್ರೆ ಇವರ್ಗೆ."

"ಗೊತ್ತಾಯ್ತು ಕಣಪ್ಪ ನಂಗೆ, ಬೆನ್ನು ನೋಡೇಟ್ಗೇ."

"ಹೇಳ್ಬಾರ್ದಾ?"

"ಹೇಳಿದ್ರೆ ಕುದ್ರೆ ಸುಳ್ಳು ಅನ್ನಲ್ಲ, ನಾನು ಸುಳ್ಳಿ ಅಂತಾರೆ. ಬುಡು."

ಬುಡನ್ ಸಾಬಿ ಮಾತಾಡಿಸಿದ ಮೇಲೆ ಕುದುರೆ ತನ್ನ ಹಳೆಯ ಹೆಸರಿಗೆ ಕಿವಿ ನೆಟ್ಟಗೆ ಮಾಡಿತು. ಅಂದಿನಿಂದ ನಾರಾಯಣಮ್ಮನಿಗೆ ಅದು ಮೋತಿ. ಗಂಡನ ಎದುರಿಗೆ ಮಾತ್ರ ಏನೂ ಅಲ್ಲ, ಬರೀ ಕುದುರೆ.

ಮಳೆಗಾಲ ಹಿಡಿಯಿತು. ಆ ವರ್ಷ ಸಾರಕ್ಕಿ ಕೆರೆ ಕೋಡಿ ಬೀಳುವಂತೆ ಹೊಡೆಯಿತು. ಹುಣಸೆ ಮರದ ಕೆಳಗೆ ಕೆಂಪಿ ಗೋಣಿ ಹೊದ್ದು ನಿಂತು ನೆನೆಯಿತು. ಬೈರಪ್ಪ ಒಂದು ಒಳ್ಳೆಯ ಟಾರ್ಪಾಲು ತಂದ. ನಾರಾಯಣಮ್ಮ ಅದನ್ನು ನೋಡಿ, ಪರವಾಗಿಲ್ಲ, ಹಸುವಿನ ನೆನಪು ಬಂತಲ್ಲ ಎಂದುಕೊಂಡು ಹಗ್ಗ ತರಲು ಒಳಗೆ ಹೋದಳು. ಹೊರಗೆ ಬಂದು ನೋಡಿದರೆ ಅವನು ಅದನ್ನು ಜೀನಿಗೆ ಹೊದಿಸುತ್ತಿದ್ದ. ಜೀನು ಇದ್ದದ್ದು ಜಗಲಿಯ ಮೇಲೆ, ಹೆಂಚಿನ ಕೆಳಗೆ. ಒಂದು ಹನಿಯೂ ಅಲ್ಲಿ ಬೀಳುತ್ತಿರಲಿಲ್ಲ.

"ಹಸೂಗೆ ಹಾಕ್ರೀ ಅದ್ನ."

"ಹಸೂಗೆ ಟಾರ್ಪಾಲಾ? ನೋಡ್ದೋರು ನಗ್ತಾರೆ."

ಅವಳು ಹಗ್ಗವನ್ನು ಒಳಗೆ ಇಟ್ಟು ಬಂದಳು. ಹಾಳಾದವನ ಕಣ್ಣಲ್ಲಿ ನೋಡುವವರು ಬಿಟ್ಟರೆ ಬೇರೆ ಯಾರೂ ಬದುಕಿಯೇ ಇರಲಿಲ್ಲ.

ಕೆಂಪಿಯ ಕೆಚ್ಚಲು ಬಾತುಕೊಂಡಿತು. ಹಾಲಿನಲ್ಲಿ ನೂಲಿನಂಥ ಗರಣೆ ಬಂತು. ನಾರಾಯಣಮ್ಮ ಎರಡು ವಾರ ಹಾಲನ್ನು ಚೆಲ್ಲಿ, ಬಿಸಿನೀರಿನ ಶಾಖ ಕೊಟ್ಟು, ಅರಿಸಿನ ಹಚ್ಚಿ ಹೇಗೋ ಸರಿ ಮಾಡಿದಳು. ಅದೇ ಕೈಯಲ್ಲಿ ಕುದುರೆಯ ಕಾಲನ್ನೂ ಎತ್ತಿದಳು. ಕೊಟ್ಟಿಗೆಯ ನೆಲ ಹಸುವಿಗೆ ಸರಿ, ಕುದುರೆಗೆ ತಣ್ಣಗೆ ಒದ್ದೆ. ಒಲೆಯ ಬೂದಿ ಚೆಲ್ಲಿ, ಮೇಲೆ ರಾಗಿ ಹುಲ್ಲು ಹರವಿ, ದಿನಾ ಬದಲಿಸುತ್ತಿದ್ದಳು. ಬುಡನ್ ಸಾಬಿ ಕೊಟ್ಟ ಕೊಕ್ಕೆ ಕಬ್ಬಿಣದಲ್ಲಿ ಗೊರಸಿನ ಒಳಗಿನ ಕೆಸರು ಕೆರೆದು, ಮೂಗಿಟ್ಟು ವಾಸನೆ ನೋಡಿ, ಬೇವಿನೆಣ್ಣೆ ಬಿಡುತ್ತಿದ್ದಳು. ಕುದುರೆ ಅವಳ ಬೆನ್ನ ಮೇಲೆ ಗದ್ದ ಊರಿಕೊಂಡು ನಿಂತಿರುತ್ತಿತ್ತು. ಹೊರಗಡೆ ಕಟ್ಟೆಯ ಮೇಲೆ ಬೈರಪ್ಪ, "ಎಲ್ಲಾ ಗೊರ್ಸಲ್ಲೇ ಐತೆ," ಎನ್ನುತ್ತಿದ್ದ.

ಜೀನನ್ನು ಮಾತ್ರ ಅವಳು ಮುಟ್ಟುವಂತಿರಲಿಲ್ಲ. "ಸಗಣಿ ಕೈ ಹಾಕ್ಬೇಡ ಅದಕ್ಕೆ," ಎಂದು ಅಪ್ಪಣೆಯಾಗಿತ್ತು. ಟಾರ್ಪಾಲಿನ ಕೆಳಗೆ ಗಾಳಿಯಾಡದೆ ತೊಗಲಿಗೆಲ್ಲ ಬಿಳೀ ಬೂಷ್ಟು ಹಿಡಿದಿತ್ತು. ಮಳೆ ಬಿಟ್ಟಮೇಲೆ ಬೈರಪ್ಪ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ, ಬೂಟ್ ಪಾಲಿಶ್ ಹಾಕಿ ಮೇಲುಗಡೆಯನ್ನು ಮಿರಮಿರ ಮಿಂಚಿಸಿದ. ಕುದುರೆಯ ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿಯ ಒಳಭಾಗ ಹಪ್ಪಳದ ಹಾಗೆ ಬಿರುಕು ಬಿಟ್ಟಿದ್ದನ್ನು ನಾರಾಯಣಮ್ಮ ದೂರದಿಂದಲೇ ಕಂಡಳು.

"ಆ ಪಟ್ಟಿ ಒಳಗಡೆಗೆ ಹರಳೆಣ್ಣೆ ಹಚ್ರೀ. ಬಿರ್ಕು ಬಿಡ್ತೈತೆ ಅದು."

"ಒಳಗಡೆ ಯಾರು ನೋಡ್ತಾರೆ?"

ಆ ಮನುಷ್ಯನ ಇಡೀ ಬದುಕು ಆ ಮೂರು ಶಬ್ದದಲ್ಲಿ ಮುಗಿದುಹೋಯಿತಲ್ಲ ಎಂದು ನಾರಾಯಣಮ್ಮನಿಗೆ ಎನಿಸಿತು.

ದೀಪಾವಳಿ ಕಳೆಯಿತು. ಕೆಂಪಿ ಹಾಲು ಬತ್ತಿಸಿಕೊಂಡು ಹೊಟ್ಟೆ ಇಳಿಬಿಟ್ಟಿತು. ಮಾಗಿಯ ಚಳಿ ಕೆರೆಯ ಮೇಲಿಂದ ಬೀಸುತ್ತಿತ್ತು. ಕುದುರೆಗೆ ಕಂಬಳಿ, ಹಸುವಿಗೆ ಹಳೇ ಗೋಣಿ. ಇನ್ನು ತಡೆಯುವುದಿಲ್ಲ ಎಂದು ನಾರಾಯಣಮ್ಮ ಒಂದು ಸಂಜೆ ಗಂಡನಿಗೆ ಎದುರು ನಿಂತು ಹೇಳಿಯೂ ಹೇಳಿದಳು. "ಸಂಕ್ರಾಂತಿ ಹೊತ್ಗೆ ಈತದೆ. ಚಳೀಲಿ ಹೊರ್ಗೆ ಈದ್ರೆ ಕರ ಉಳ್ಯಕಿಲ್ಲ. ಕೊಟ್ಗೆ ಬುಟ್ಕೊಡಿ."

"ಕುದ್ರೇನ ಹೊರ್ಗೆ ಹಾಕು ಅಂತೀಯಾ? ಸವಾರಿ ಕುದ್ರೇನ?"

"ಇನ್ನೊಂದು ಸೋಗೆ ಚಪ್ಪರ ಹಾಕ್ಕೊಡಿ ಅದಕ್ಕೆ."

"ನೋಡೋಣ ಇರು, ಹಬ್ಬ ಆಗ್ಲಿ."

ಹಬ್ಬವೇ ಅವನನ್ನು ಹಿಡಿದುಕೊಂಡಿತು. ಸಾರಕ್ಕಿಯಲ್ಲಿ ಸಂಕ್ರಾಂತಿಯ ಸಂಜೆ ದನ ಕಿಚ್ಚು ಹಾಯಿಸುವುದು ಮೊದಲಿಂದ ನಡೆದುಬಂದದ್ದು. ಕೆರೆಯಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲು ಹಾಕಿ ಹೊತ್ತಿಸಿದ ಬೆಂಕಿಯ ಮೇಲೆ ಎತ್ತು ಹಸುಗಳನ್ನು ಓಡಿಸಿಕೊಂಡು ಹಾಯಿಸುತ್ತಾರೆ. ಒಕ್ಕಲ ಮನೆಯೊಂದರಿಂದ ಒಂದು ದನವೂ ಕಿಚ್ಚಿಗೆ ಬರಲಿಲ್ಲವೆಂದರೆ ಆ ಮನೆಯ ಮಾತನ್ನು ವರ್ಷವೆಲ್ಲ ಆಡಿಕೊಳ್ಳುತ್ತಾರೆ. ಬೈರಪ್ಪನ ಎತ್ತು ಮಾರಿಹೋಗಿತ್ತು. ತುಂಬು ಗಬ್ಬದ ಕೆಂಪಿಯನ್ನು ಓಡಿಸುವಂತಿರಲಿಲ್ಲ. ಇದನ್ನು ಬೋರಣ್ಣ ಕಟ್ಟೆಯ ಮೇಲೆ ಬೇಕೆಂದೇ ಎತ್ತಿದ.

"ಏನು ಬೈರಣ್ಣ, ಈ ಸಲ ಕಿಚ್ಗೆ ಏನ್ ಹಾಯ್ಸ್ತೀಯ? ಟೋಪೀನಾ?"

ಕಟ್ಟೆ ಪೂರ್ತಿ ನಕ್ಕಿತು. ಬೈರಪ್ಪನ ಮುಖ ಬೂಟಿನ ಬಣ್ಣಕ್ಕೆ ತಿರುಗಿತು. "ಕುದ್ರೆ ಹಾಯ್ಸ್ತೀನಿ ಕಣೋ. ಮೇಲೆ ಕೂತ್ಕೊಂಡು. ನೋಡ್ತಿರು."

"ಹಾಯ್ಲಿಲ್ಲ ಅಂದ್ರೆ?"

"ಹಾಯ್ಲಿಲ್ಲ ಅಂದ್ರೆ... ಹಾಯ್ಲಿಲ್ಲ ಅಂದ್ರೆ ಆ ಬುಡನ್ ಸಾಬೀಗೆ ಹೊಡ್ಕೊಂಡು ಹೋಗು ಅಂತ ಕೊಟ್ಬುಡ್ತೀನಿ!"

ಹುಲ್ಲಿನ ಹೊರೆಯ ಕೆಳಗೆ ನಾರಾಯಣಮ್ಮ ಈ ಮಾತನ್ನೂ ಕೇಳಿಸಿಕೊಂಡಳು. ಹತ್ತು ಜನರೆದುರು ಆಡಿದ ಮಾತನ್ನು ಬೈರಪ್ಪ ತಪ್ಪುವವನಲ್ಲ. ಅವನಲ್ಲಿದ್ದ ಒಂದೇ ಒಳ್ಳೆಯ ಗುಣ ಅದು, ಅದೂ ನೋಡುವವರಿಗಾಗಿ. ಅವಳು ಮನೆಗೆ ಬಂದು ಹೊರೆ ಇಳಿಸಿ, ಕುದುರೆಗೆ ಹುಲ್ಲು ಹಾಕಿ, ತುಂಬಾ ಹೊತ್ತು ಅದರ ಮುಖ ನೋಡಿದಳು. ಬೆಂಕಿ ಕಂಡರೆ ಎತ್ತು ಹಿಂದಿನಿಂದ ತಳ್ಳುವ ಜನರ ಕೂಗಿಗೆ ಹೆದರಿ ನುಗ್ಗುತ್ತದೆ, ಅದಕ್ಕೆ ವರ್ಷ ವರ್ಷದ ರೂಢಿ. ಈ ಕುದುರೆಗೆ ಏನು ರೂಢಿ? ಬೆಂಕಿಯ ನಡುವೆ ಬೆದರಿ ನಿಂತುಬಿಟ್ಟರೆ ಕಾಲು ಬೇಯುತ್ತದೆ. ಮಳೆಗಾಲವೆಲ್ಲ ಮೂಗಿಟ್ಟು ನೋಡಿ ಕಾಪಾಡಿದ ಗೊರಸು. ಹಾಯ್ದುಬಿಟ್ಟರೂ ಕಷ್ಟವೇ: ಆಮೇಲೆ ಅವನನ್ನು ಹಿಡಿಯುವವರಿಲ್ಲ, ಕೊಟ್ಟಿಗೆ ಕೆಂಪಿಗೆ ಸಿಕ್ಕಹಾಗೆಯೇ. ಕುದುರೆ ಬೆಂಕಿಯ ಹತ್ತಿರ ಹೋಗಲೇಬಾರದು. ಅದಕ್ಕೆ ಚೆನ್ನಾಗಿ ರೂಢಿಯಾಗಿರುವುದು ಏನು ಎಂದು ಯೋಚಿಸಿದಳು. ಯೋಚಿಸಿ ಒಬ್ಬಳೇ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕು ಬಹಳ ದಿನವಾಗಿತ್ತು.

ಹಬ್ಬದ ದಿನ ಬೆಳಿಗ್ಗೆ ಇನ್ನೊಂದು ಸಲ ಹೇಳಿದಳು. ಹೇಳಲಿಲ್ಲ ಎನ್ನುವ ಮಾತು ಬೇಡ ಎಂದು. "ದನಕ್ಕೆ ಹಾಯ್ಸೋ ಕಿಚ್ಗೆ ಕುದ್ರೆ ಹಾಯ್ಸ್ತಾರೇನ್ರೀ? ಆ ಪಟ್ಟಿನೂ ತಡ್ಯಕಿಲ್ಲ."

"ನಿಂಗೇನೇ ಗೊತ್ತು ಕುದ್ರೆ ವಿಚಾರ!" ಎಂದು ಅವನು ಬೂಟಿಗೆ ಹುಲ್ಲು ತುರುಕಿದ.

ಸಂಜೆ ಕೆರೆಯಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಜಯನಗರದ ಮನೆಗಳವರೂ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಜಯದೇವಮ್ಮನೂ ಇದ್ದರು. ಬುಡನ್ ಸಾಬಿ ಜಟಕಾವನ್ನು ಏರಿಯ ಮೇಲೆ ನಿಲ್ಲಿಸಿ ನೋಡುತ್ತಿದ್ದ. ಎತ್ತುಗಳು ಗೆಜ್ಜೆ ಘಲ್ಲೆನಿಸುತ್ತಾ ಒಂದೊಂದೇ ಜೋಡಿ ಹಾಯ್ದು ಹೋದವು. ಕೊನೆಗೆ ಬೈರಪ್ಪ ಬಂದ. ಟೋಪಿ, ಬೂಟು, ಮಿಂಚುವ ಜೀನು, ಮಣಿಯ ಜಾಲರಿ. ಮಕ್ಕಳು ಹೋ ಎಂದರು. ಆ ಗಳಿಗೆ ಅವನ ಮುಖದಲ್ಲಿ ಇದ್ದದ್ದನ್ನು ನಾರಾಯಣಮ್ಮ ಕಂಡಳು, ರಸ್ತೆಯೆಲ್ಲ ತನಗೆ ದಾರಿ ಬಿಟ್ಟಿತು ಎನ್ನುವ ಕಳೆ. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು. ಆಗ ಹುಣಸೆ ಮರದ ಕಡೆಯಿಂದ ಕೆಂಪಿ ಕೂಗಿದ್ದು ಕೇಳಿಸಿತು.

ಅವಳು ಜನರ ನಡುವಿನಿಂದ ಬಂದು ಬೆಂಕಿಯ ಈಚೆಗೆ, ದಾರಿಯ ಅಂಚಿನಲ್ಲಿ ನಿಂತಳು. ಒಂದು ಹಳೆಯ ಸೀರೆಯಲ್ಲಿ ಬೇಯಿಸಿದ ಹುರುಳಿ ಕಟ್ಟಿ ತಂದಿದ್ದಳು. ಒಳ್ಳೆಯ ದೊಡ್ಡ ಗಂಟು. ಅದನ್ನು ಸೊಂಟದ ಮೇಲಿಟ್ಟು, ಊರಿಗೆ ಹೊರಟವರ ಹಾಗೆ, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಳು.

"ಹೈ! ಸುಲ್ತಾನ! ಹೈ!" ಎಂದು ಬೈರಪ್ಪ ಒದ್ದ.

ಕುದುರೆ ಓಡಿತು. ನಾಲ್ಕಾರು ಮಾರು ನಿಜವಾಗಿಯೂ ಓಡಿತು. ಜನ ಕೂಗಿದರು. ಆಮೇಲೆ ಅದಕ್ಕೆ ಗಂಟು ಕಂಡಿತು. ಎಂಟ್ಹತ್ತು ವರ್ಷದ ವಿದ್ಯೆ ಎಲ್ಲಿ ಹೋಗುತ್ತದೆ? ಮೋತಿ ಲಗಾಮಿನ ಎಳೆತವನ್ನೂ ಮೇಲಿನವನ ಒದೆತವನ್ನೂ ಲೆಕ್ಕಿಸದೆ ದಾರಿಯ ಅಂಚಿಗೆ ಸರಿದು, ನಾರಾಯಣಮ್ಮನ ಎದುರಿಗೆ ಬಂದು, ಗಕ್ಕನೆ ನಿಂತಿತು. ಹತ್ತಿಕೊಳ್ಳಮ್ಮಾ ಎನ್ನುವ ಹಾಗೆ ಕತ್ತು ಬಾಗಿಸಿತು.

ಕುದುರೆ ನಿಂತಿತು, ಬೈರಪ್ಪ ನಿಲ್ಲಲಿಲ್ಲ. ಅವನು ಮುಂದಕ್ಕೆ ಜೋಲಿ ಹೊಡೆದ ಭಾರಕ್ಕೆ ಹೊಟ್ಟೆಯ ಪಟ್ಟಿ ಪಟ್ ಎಂದು ಕಿತ್ತಿತು. ಜೀನು ಮೆಲ್ಲಗೆ, ಬಹಳ ಮೆಲ್ಲಗೆ, ಪಕ್ಕಕ್ಕೆ ತಿರುಗಿತು. ಅವನು ಜೀನನ್ನು ತಬ್ಬಿಕೊಂಡೇ ಇಳಿದು, ದನಗಳ ಮೈ ತೊಳೆದ ಸಗಣಿ ನೀರಿನ ಹೊಂಡದಲ್ಲಿ ಕೂತ. ಒಂದು ಬೂಟು ರಿಕಾಪಿನಲ್ಲೇ ಉಳಿಯಿತು. ಅದರೊಳಗಿನ ಹುಲ್ಲು ಹೊರಗೆ ಇಣುಕಿದ್ದನ್ನು ಒಂದು ಎತ್ತು ಬಂದು ಮೂಸಿತು. ಕುದುರೆ ಬೆದರಿ ಓಡಿದ್ದರಾದರೂ ಬಿದ್ದವನಿಗೆ ಒಂದು ಮರ್ಯಾದೆ ಇರುತ್ತಿತ್ತು. ಅದು ನಾರಾಯಣಮ್ಮನ ಗಂಟಿಗೆ ಮೂತಿ ಹಾಕಿ ನೆಮ್ಮದಿಯಾಗಿ ಹುರುಳಿ ತಿನ್ನುತ್ತಿತ್ತು.

ಬೋರಣ್ಣ ಕೈ ಕೊಟ್ಟು ಎಬ್ಬಿಸುತ್ತಾ, "ಕುದ್ರೆ ಎತ್ತಲ್ಲ ಅಂತ ನೀನೇ ಅಂದಿದ್ದಲ್ಲೋ ಬೈರಣ್ಣ, ಮರ್ತ್ಬುಟ್ಯಾ?" ಎಂದ.

ಜಯದೇವಮ್ಮ, "ಅಯ್ಯೋ, ಇವರೇ ಅಲ್ವಾ ನಮ್ಮ ಗೇಟಿಗೆ ಬಂದಿದ್ದ ದೊಡ್ಮನುಷ್ರು!" ಎಂದರು.

ಏರಿಯ ಮೇಲೆ ಬುಡನ್ ಸಾಬಿ ಮೊದಲು ಕುದುರೆಯನ್ನು ನೋಡಿದ, ಆಮೇಲೆ ಗಂಟನ್ನು, ಆಮೇಲೆ ಗಂಟು ಹಿಡಿದವಳನ್ನು. ಗಡ್ಡಕ್ಕೆ ಕೈ ಅಡ್ಡ ಇಟ್ಟುಕೊಂಡು ಅತ್ತ ತಿರುಗಿದ. ಅವನ ಭುಜ ಮಾತ್ರ ಕುಲುಕುತ್ತಿತ್ತು.

ಸೊಂಟ ಉಳುಕಿ ಬೈರಪ್ಪ ಚಾಪೆ ಹಿಡಿದ. ಮಲಗಿದಲ್ಲೇ ಕುದುರೆಯನ್ನು ಬೈದ, ಜೀನು ಬಿಟ್ಟುಹೋದ ದೊರೆಯನ್ನು ಬೈದ, ಗುಜರಿಯವನನ್ನು ಬೈದ. ಪಟ್ಟಿಯ ಒಳಭಾಗದ ಹೆಸರನ್ನು ಎತ್ತಲಿಲ್ಲ. ನಾರಾಯಣಮ್ಮನೂ ಎತ್ತಲಿಲ್ಲ. ಕೊಬ್ಬರಿ ಎಣ್ಣೆ ಕಾಸಿ ಅವನ ಸೊಂಟಕ್ಕೆ ತಿಕ್ಕುತ್ತಾ, "ಮಾತು ಕೊಟ್ಟಿದ್ರಂತೆ ಕಟ್ಟೇಲಿ. ಎಲ್ರೂ ಕೇಳ್ತಾವ್ರೆ," ಎಂದಳು, ಅಷ್ಟೇ.

"ಯಾರ್ಯಾರು ಕೇಳ್ತಾವ್ರೆ?"

"ಎಲ್ರೂ."

ಅವನು ಗೋಡೆಯ ಕಡೆ ತಿರುಗಿದ. "ಹೊಡ್ಕೊಂಡ್ ಹೋಗ್ಲಿ ಹೇಳು. ಮೋಸದ ಕುದ್ರೆ. ನಂಗ್ಯಾಕೆ?"

ಬುಡನ್ ಸಾಬಿ ಸುಮ್ಮನೆ ತೆಗೆದುಕೊಳ್ಳಲು ಒಪ್ಪಲಿಲ್ಲ. ದಿನಾ ಬೆಳಿಗ್ಗೆ ನಾರಾಯಣಮ್ಮನ ಹಾಲಿನ ಕ್ಯಾನನ್ನು ಜಟಕಾದಲ್ಲಿ ಜಯನಗರಕ್ಕೆ ಮುಟ್ಟಿಸುವುದು ಎಂದು ಮಾತಾಯಿತು. ಮೋತಿ ಹೋಗುವಾಗ ನಾರಾಯಣಮ್ಮ ಗೊರಸು ಕೆರೆಯುವ ಕೊಕ್ಕೆಯನ್ನು ಹಿಂದಕ್ಕೆ ಕೊಟ್ಟಳು. ಅದೇ ಮಧ್ಯಾಹ್ನ ಬೂದಿ ಹುಲ್ಲನ್ನೆಲ್ಲ ಗುಡಿಸಿ, ಸಗಣಿ ಸಾರಿಸಿ, ಕೆಂಪಿಯನ್ನು ಒಳಗೆ ಕಟ್ಟಿದಳು. ಹಸು ಒಂದು ಸುತ್ತು ಮೂಸಿ, ಕುದುರೆಯ ವಾಸನೆಗೆ ಒಮ್ಮೆ ಸೀನಿ, ತನ್ನ ಹಳೆಯ ಮೂಲೆಯಲ್ಲಿ ಮಲಗಿತು. ನಾಲ್ಕು ದಿನಕ್ಕೆ ಅಲ್ಲೇ ಈಯಿತು. ಹೆಣ್ಣುಗರು, ಹಣೆಯ ಮೇಲೆ ಬಿಳೀ ಚುಕ್ಕೆ.

ಕುದುರೆಯ ಸಾಮಾನಿಗೆಲ್ಲ ಕೊನೆಗೆ ಒಂದೊಂದು ಕೆಲಸ ಸಿಕ್ಕಿತು. ಟಾರ್ಪಾಲು ಕೊಟ್ಟಿಗೆಯ ಸೋರುವ ಕಡೆಗೆ ಏರಿತು. ಕಂಬಳಿ ಬಾಣಂತಿ ಹಸುವಿನ ಬೆನ್ನಿಗೆ. ಮಗುಚಿಟ್ಟ ಜೀನಿನ ಗುಳಿಯಲ್ಲಿ ಮನೆಯ ಕೋಳಿ ಮೊಟ್ಟೆ ಇಡುತ್ತಿತ್ತು, ಅದಕ್ಕೂ ದೊರೆಯ ಜೀನು ಎಂದು ಗೊತ್ತಿರಲಿಲ್ಲ. ಕಿತ್ತ ಪಟ್ಟಿಯನ್ನು ನಾರಾಯಣಮ್ಮ ಹರಳೆಣ್ಣೆಯಲ್ಲಿ ನೆನೆಹಾಕಿ, ಮೆತ್ತಗೆ ಮಾಡಿ, ಗಟ್ಟಿಯಿದ್ದ ತುಂಡನ್ನು ಕತ್ತರಿಸಿ ಕರುವಿನ ಕೊರಳಿಗೆ ಹಾಕಿದಳು. ಒಳಗೂ ಹೊರಗೂ ಒಂದೇ ಸಮ ಎಣ್ಣೆ ಹಚ್ಚಿ.

ಬೈರಪ್ಪ ಒಂದು ಕೋಲು ಊರಿಕೊಂಡು ಮತ್ತೆ ಕಟ್ಟೆ ಸೇರಿದ. ಕೋಲಿನ ತುದಿಗೆ ಹಿತ್ತಾಳೆಯ ಗುಬಟು ಹಾಕಿಸಿದ್ದ. ಕೊಟ್ಟಿಗೆಯ ಗೋಡೆಯಾಚೆಯಿಂದ ಬೆಳಗಿನ ಹೊತ್ತು ಅವನ ಧ್ವನಿ ಕೇಳಿಸುತ್ತಿತ್ತು. ಯಾರೋ ಹೊಸಬನೊಬ್ಬ, ಪುಟ್ಟೇನಹಳ್ಳಿಯವನು, ಕುದುರೆ ಕೊಳ್ಳುವ ಯೋಚನೆಯಿದೆ ಎಂದು ಬಾಯಿ ಬಿಟ್ಟಿದ್ದ.

"ಕುದ್ರೆ ಅಂದ್ರೆ ಏನಂದ್ಕೊಂಡ್ಬುಟ್ಟೆ? ಮಳೆಗಾಲ ಬಂತೋ, ಎಲ್ಲಾ ಗೊರ್ಸಲ್ಲೇ ಐತೆ. ನಾನು ಸಾಕಿಲ್ವಾ? ನಾನು ಕಂಡಿಲ್ವಾ?"

ನಾರಾಯಣಮ್ಮ ಕರುವನ್ನು ಬಿಟ್ಟು ನಾಲ್ಕು ಗುಟುಕು ಕುಡಿಸಿದಳು. ಕೆಂಪಿ ಸೊರೆ ಬಿಟ್ಟಮೇಲೆ ಅದನ್ನು ಎಳೆದು ಗೂಟಕ್ಕೆ ಕಟ್ಟಿದಳು. ಬಿಸಿನೀರಿನಲ್ಲಿ ಕೆಚ್ಚಲು ತೊಳೆದು, ಬೆರಳಿಗೆ ಒಂದು ಹನಿ ಹರಳೆಣ್ಣೆ ಸವರಿಕೊಂಡು, ಚೆಂಬನ್ನು ಮಂಡಿಗಳ ನಡುವೆ ಇರುಕಿಸಿ ಕುಕ್ಕರುಗಾಲಿನಲ್ಲಿ ಕೂತಳು. ಮೊದಲ ಎರಡು ಧಾರೆಯನ್ನು ಅಂಗೈಗೆ ಹಿಡಿದು ನೋಡಿದಳು. ಗರಣೆಯಿರಲಿಲ್ಲ. ಹೊರಗೆ ಜಟಕಾ ಗಂಟೆ ಸದ್ದಾಗಿ ನಿಂತಿತು. "ಬಂದೆ ಇರಪ್ಪ," ಎಂದು ಕೂಗಿ, ಅವಳು ಸರಸರನೆ ಹಾಲು ಕರೆಯತೊಡಗಿದಳು.